ಮುದ್ರೆ ಸಾರ್ ಫೋನ್ ರೂಟ್ ಮಾಡಲು ಹೊರಟಿದ್ದು

ಮಾರುಕಟ್ಟೆಯಲ್ಲಿ ಅವರನ್ನು ಎಲ್ಲರೂ ಮುದ್ರೆ ಸಾರ್ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಸಂಬಳದ ದಿನ ಬಿಟ್ಟರೆ ಅದು ಬಳಕೆಗೆ ಬಂದದ್ದು ಕಡಿಮೆ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವರದು ಮುದ್ರೆ ಹಾಕುವ ಕೆಲಸ. ಅಂಗಡಿಯ ತಕ್ಕಡಿ ಸರಿಯಾಗಿ ತೂಗುತ್ತದೆಯೇ ಎಂದು ನೋಡುವುದು, ಸರಿಯಿದ್ದರೆ ಅದರ ಬೆನ್ನಿನ ತೂತಿಗೆ ತಂತಿ ಪೋಣಿಸುವುದು, ತಂತಿಯ ತುದಿಗೆ ಸೀಸದ ಗುಂಡೊಂದನ್ನು ಕೂರಿಸಿ ಇಕ್ಕಳದಿಂದ ಅದುಮುವುದು. ಅಷ್ಟಾದ ಮೇಲೆ ಆ ತಕ್ಕಡಿಯ ಹೊಟ್ಟೆಯೊಳಗೆ ಕೈ ಹಾಕುವ ಅಧಿಕಾರ ಅಂಗಡಿಯ ಯಜಮಾನನಿಗೂ ಇಲ್ಲ. ಹಾಕಿದರೆ ಮುದ್ರೆ ಒಡೆಯುತ್ತದೆ. ಮುದ್ರೆ ಒಡೆದವನಿಗೆ ದಂಡ ತಪ್ಪಿದ್ದಲ್ಲ.

ಬದುಕೆಲ್ಲ ಇದೇ ಕೆಲಸ ಮಾಡಿದ ಮನುಷ್ಯನಿಗೆ ಪ್ರಪಂಚದಲ್ಲಿ ಎರಡೇ ಬಗೆಯ ವಸ್ತುಗಳು ಕಾಣುತ್ತವೆ: ಮುದ್ರೆ ಇರುವಂಥವು, ಮುದ್ರೆ ಒಡೆದಂಥವು. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಹರಿಯುವಾಗಲೂ ಮುದ್ರೆ ಸಾರ್ ಕೈ ಒಂದಿಷ್ಟು ಹಿಂಜರಿಯುತ್ತಿತ್ತು. ಆ ಕೆಲಸವನ್ನು ಅವರ ಹೆಂಡತಿಯೇ ಮಾಡಿಕೊಡುತ್ತಿದ್ದರು.

ಇಂಥವರ ಫೋನು ತುಂಬಿತು. ಫೋನು ತುಂಬುವುದು ಈ ಕಾಲದಲ್ಲಿ ದೊಡ್ಡ ಸುದ್ದಿಯೇನಲ್ಲ. ಆದರೆ ಇದು ತುಂಬಿದ್ದು ವರ್ತಕರ ಸಂಘದ ಅಧ್ಯಕ್ಷರ ಧಾನ್ಯದ ಮಂಡಿಯಲ್ಲಿ, ಅಧ್ಯಕ್ಷರ ಕಣ್ಣೆದುರಿಗೆ, ದೊಡ್ಡ ತಕ್ಕಡಿಗೆ ಮುದ್ರೆ ಒತ್ತಿ ಅದರ ಫೋಟೊ ತೆಗೆಯಲು ಫೋನ್ ಎತ್ತಿ ಹಿಡಿದ ಗಂಭೀರ ಗಳಿಗೆಯಲ್ಲಿ. ಫೋಟೊ ಬರಲಿಲ್ಲ. ಬದಲಿಗೆ ಫೋನಿನೊಳಗಿನ ಹೆಂಗಸೊಬ್ಬಳು ಇಡೀ ಮಂಡಿಗೆ ಕೇಳುವಂತೆ ಹಾಡುವ ದನಿಯಲ್ಲಿ ಹೇಳಿದಳು: "ನಮಸ್ಕಾರ ಗೆಳೆಯಾ! ನಿಮ್ಮ ಫೋನಿನಲ್ಲಿ ಜಾಗವಿಲ್ಲ. ಬೇಡವಾದದ್ದನ್ನು ಅಳಿಸಿಬಿಡೋಣವೇ?"

ಮೂಟೆ ಹೊರುವವರು ನಿಂತಲ್ಲೇ ನಿಂತರು. ಸರ್ಕಾರದ ಮನುಷ್ಯನನ್ನು ಗೆಳೆಯಾ ಎಂದು ಕರೆದವರನ್ನು ಅವರು ಅದುವರೆಗೆ ಕಂಡಿರಲಿಲ್ಲ. ಅಧ್ಯಕ್ಷರು ಕೆಮ್ಮಿನ ನೆಪದಲ್ಲಿ ಆ ಕಡೆ ತಿರುಗಿಕೊಂಡರು.

ಆ ಹೆಂಗಸು ಫೋನಿನ ಜೊತೆಗೇ ಬಂದವಳು. ಕಂಪನಿಯವರೇ ಒಳಗೆ ಕೂರಿಸಿ ಕಳಿಸಿದ್ದರು. ಅವಳ ಜೊತೆಗೆ ಹಣ್ಣು ಕತ್ತರಿಸುವ ಆಟ, ಕಾರು ಓಡಿಸುವ ಆಟ, ಯಾವುದೋ ಬೇರೆ ದೇಶದ ಹವಾಮಾನ ಹೇಳುವ ಒಂದು ಚಿತ್ರ, ನಡೆದ ಹೆಜ್ಜೆ ಎಣಿಸಿ ಶಭಾಷ್ ಎನ್ನುವ ಇನ್ನೊಂದು, ಹೀಗೆ ಒಂದು ದಂಡೇ ಒಳಗೆ ಬಿಡಾರ ಹೂಡಿತ್ತು. ಯಾವುದನ್ನೂ ಅಳಿಸಲು ಬರುತ್ತಿರಲಿಲ್ಲ. ಮುದ್ರೆ ಸಾರ್ ತಮ್ಮದೆನ್ನಬಹುದಾದದ್ದನ್ನೆಲ್ಲ ಆಗಲೇ ಅಳಿಸಿಯಾಗಿತ್ತು. ಹೆಂಡತಿಯ ತಮ್ಮನ ಮದುವೆಯ ಫೋಟೊಗಳು ಹೋಗಿ ಮನೆಯಲ್ಲಿ ಒಂದು ವಾರ ಮಾತುಕತೆ ನಿಂತದ್ದೂ ಆಗಿತ್ತು. ಉಳಿದದ್ದು ಒಂದೇ: ಅಕ್ಕನ ದನಿ.

ಅಕ್ಕ ಎಂದರೆ ಅವರನ್ನು ಎತ್ತಿ ಆಡಿಸಿ, ಬೈದು ಬೆಳೆಸಿದ ಅಕ್ಕ. ತಾಯಿ ಬೇಗ ಹೋದಮೇಲೆ ಮುದ್ರೆ ಸಾರ್ ಎಂಬ ಹುಡುಗನಿಗೆ ಮುಖ ತೊಳೆಸಿದ್ದು, ಅಕ್ಷರ ಕಲಿಸಿದ್ದು, ಕೆಲಸಕ್ಕೆ ಅರ್ಜಿ ಹಾಕಿಸಿದ್ದು ಎಲ್ಲವೂ ಆಕೆಯೇ. ತಮ್ಮನಿಗೆ ತಲೆ ನರೆತ ಮೇಲೂ ದಿನ ಬೆಳಗಾದರೆ ಫೋನಿನಲ್ಲಿ ದನಿ ಮುದ್ರಿಸಿ ಒಂದು ಬೈಗುಳ ಕಳಿಸುತ್ತಿದ್ದರು. "ಲೋ, ನಿನ್ನೆ ಯಾಕೋ ಫೋನ್ ಎತ್ತಲಿಲ್ಲ? ಅಷ್ಟು ದೊಡ್ಡ ಮನುಷ್ಯ ಆಗ್ಬಿಟ್ಯಾ?" ಎಂದೋ, "ಅಂಗಿ ಗುಂಡಿ ಕಿತ್ತೋಗಿದ್ರೂ ಹಾಗೇ ಓಡಾಡ್ತಿದ್ದೀಯಂತೆ, ಊರೆಲ್ಲ ನನ್ನ ಆಡ್ಕೊಳ್ಳುತ್ತೆ" ಎಂದೋ. ಮುದ್ರೆ ಸಾರ್ ಕೇಳಿ, ನಿಟ್ಟುಸಿರು ಬಿಟ್ಟು, ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಮನೆಗೆ ಬಂದರು. ದನಿ ಮಾತ್ರ ಹೋಗಿಬಿಟ್ಟಿತು. ಈಗ ಅಕ್ಷರದಲ್ಲಿ ಬರೆದು ಕಳಿಸುತ್ತಾರೆ: "ಊಟ ಆಯ್ತಾ." ಅದರಲ್ಲಿ ಬೈಗುಳವಿಲ್ಲ, ಜೋರಿಲ್ಲ, ಅಕ್ಕನೇ ಇಲ್ಲ. ಮುದ್ರೆ ಸಾರ್ ಅದನ್ನು ಓದಿದಾಗೆಲ್ಲ ಅನಾಥರಾಗುತ್ತಿದ್ದರು.

ಹಳೆಯ ಬೈಗುಳಗಳೆಲ್ಲ ಈ ಫೋನಿನಲ್ಲೇ ಇದ್ದವು. ಅಕ್ಕ ತಮ್ಮ ಫೋನು ಬದಲಿಸಿದಾಗ ಅವರ ಬಳಿಯಿದ್ದವು ಹೋಗಿದ್ದರಿಂದ ಇನ್ನೆಲ್ಲೂ ಇರಲಿಲ್ಲ. ಇಲಾಖೆಯ ಉಗ್ರಾಣದಲ್ಲಿ, ಪರೀಕ್ಷೆಯ ತೂಕದ ಕಲ್ಲುಗಳನ್ನಿಟ್ಟ ಬೀರುಗಳ ನಡುವೆ ಬಾಗಿಲು ಹಾಕಿಕೊಂಡು, ದಿನಕ್ಕೊಂದು ಬೈಗುಳವನ್ನು ಕಿವಿಗೊತ್ತಿ ಕೇಳಿದರೇ ಮುದ್ರೆ ಸಾರ್ ಇಕ್ಕಳ ಹಿಡಿಯಲು ಕೈ ಏಳುತ್ತಿದ್ದದ್ದು. ಈ ಗುಟ್ಟು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಾದರೆ ಅಕ್ಕನಿಗೆ ಗೊತ್ತಾಗುತ್ತದೆ. ಹೋದ ದನಿಯನ್ನು ನೆನೆಸಿ ಅಕ್ಕನ ಎದೆ ಒಡೆದೀತು ಎಂಬ ಭಯ. ಜೊತೆಗೆ, ಮಾರುಕಟ್ಟೆಯನ್ನೇ ನಡುಗಿಸುವ ಮನುಷ್ಯ ಮೂಲೆಯಲ್ಲಿ ಕೂತು ಅಕ್ಕನಿಂದ ಬೈಸಿಕೊಳ್ಳುತ್ತಾನೆ ಎಂದು ಜನ ಆಡಿಕೊಳ್ಳಬಾರದು ಎಂಬ ಸಣ್ಣ ಜಂಬವೂ ಸೇರಿತ್ತು. ಆಗಿದ್ದೆಲ್ಲ ಆ ಜಂಬದಿಂದಲೇ.

ಮಂಡಿಯಿಂದ ನೆಟ್ಟಗೆ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯವನು ಫೋನನ್ನು ತಿರುವಿ ಮುರುವಿ ನೋಡಿದ. "ಇದು ಬಹಳ ದಿನ ಬರಲ್ಲ ಸಾರ್. ಕಂಠದವರೆಗೂ ತುಂಬ್ಕೊಂಡಿದೆ. ತಾನಾಗೇ ಆಫ್ ಆಗ್ತಿದೆ ಅಲ್ವಾ? ಹೀಗೇ ಬಿಟ್ರೆ ಒಂದಿನ ಆಫ್ ಆಗಿದ್ದು ಏಳೋದೇ ಇಲ್ಲ."

"ಒಳಗಿರೋದು?"

"ಒಳಗಿರೋದೂ ಏಳಲ್ಲ."

ಮುದ್ರೆ ಸಾರ್ ಮುಂದಕ್ಕೆ ಬಾಗಿದರು. "ಏನಾದ್ರೂ ದಾರಿ?"

ಅಂಗಡಿಯವನು ಅತ್ತಿತ್ತ ನೋಡಿ ದನಿ ಇಳಿಸಿದ. "ರೂಟ್ ಮಾಡ್ಬೇಕು ಸಾರ್."

"ಹಾಗಂದ್ರೆ?"

"ಫೋನು ನಿಮ್ದು ಅಂತ ನೀವು ಅನ್ಕೊಂಡಿದ್ದೀರಿ. ಇಲ್ಲ. ಒಳಗೆ ನೀವು ಬಾಡಿಗೆಗೆ ಇರೋರು. ಮನೆ ಮಾಲೀಕ ಕಂಪನಿ. ಅವನಿಟ್ಟಿರೋ ಸಾಮಾನನ್ನ ನೀವು ಎತ್ತಿ ಹೊರಗೆ ಹಾಕೋ ಹಾಗಿಲ್ಲ. ರೂಟ್ ಮಾಡಿದ್ರೆ ಮಾಲೀಕರು ನೀವೇ ಆಗ್ತೀರಿ. ಆಟಗೀಟ ಎಲ್ಲಾ ಗುಡಿಸಿ ಆಚೆಗೆ. ಬೇಕಾದ್ರೆ ಗೋಡೆನೇ ಒಡೀಬಹುದು. ಕಂಪನಿ ತುಟಿ ಪಿಟಕ್ ಅನ್ನೋ ಹಾಗಿಲ್ಲ."

ಮುದ್ರೆ ಸಾರ್ ಬೆರಗಾಗಿ ಫೋನನ್ನು ನೋಡಿದರು. ಅಂಗೈಯಗಲದ ಈ ಪೆಟ್ಟಿಗೆಯೊಳಗೆ ಮಾಲೀಕ, ಬಾಡಿಗೆದಾರ, ಗೋಡೆ, ಇಷ್ಟೆಲ್ಲ ಇದೆಯೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಆದ್ರೆ ಅದಕ್ಕೆ ಮೊದ್ಲು ಕಂಪನಿ ಹಾಕಿರೋ ಬೀಗ ಒಡೀಬೇಕು," ಎಂದ ಅಂಗಡಿಯವನು. "ಒಡೆದ ತಕ್ಷಣ ಒಳಗಿರೋದೆಲ್ಲಾ ಅಳಿಸಿ ಹೋಗುತ್ತೆ. ಅದಕ್ಕೇ ಮೊದ್ಲೇ ಎಲ್ಲಾದಕ್ಕೂ ನಕಲು ತೆಗೆದು ಇಟ್ಕೋಬೇಕು."

"ತೆಗಿ ಮತ್ತೆ."

"ನಕಲು ತೆಗೆಯೋಕೆ ಫೋನಲ್ಲಿ ಒಂಚೂರು ಜಾಗ ಬೇಕು. ಜಾಗ ಇಲ್ಲ."

"ಜಾಗ ಆಗ್ಬೇಕಾದ್ರೆ?"

"ರೂಟ್ ಮಾಡ್ಬೇಕು."

ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮುದ್ರೆ ಸಾರ್ ಸರ್ಕಾರಿ ಮನುಷ್ಯ. ಅವರಿಗೆ ಇದರಲ್ಲಿ ಒಂದು ಘನವಾದ ಆಡಳಿತ ಕಂಡಿತು. ಅದರ ಮುಂದೆ ಅವರ ತಲೆ ತಾನಾಗಿ ಬಾಗಿತು.

"ಒಳಗೆ ಏನಿದೆ ಸಾರ್ ಅಂಥಾದ್ದು? ಹೇಳಿದ್ರೆ ಬೇರೆ ಏನಾದ್ರೂ ನೋಡ್ಬಹುದಿತ್ತು," ಎಂದು ಅಂಗಡಿಯವನು ಕೇಳಿದ. ಇದು ಬಲು ಒಳ್ಳೆಯ ಪ್ರಶ್ನೆ. ಇದಕ್ಕೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಕಥೆ ಇಲ್ಲಿಗೇ ಮುಗಿದು ನಾವೆಲ್ಲ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಮುದ್ರೆ ಸಾರ್ ಬೆನ್ನು ನೆಟ್ಟಗೆ ಮಾಡಿ, "ಅದು ಹೇಳೋ ಹಾಗಿಲ್ಲ," ಎಂದರು.

ಮರುದಿನ ಚಹಾದಂಗಡಿಯಲ್ಲಿ ವರ್ತಕರ ಸಂಘದ ಅಧ್ಯಕ್ಷರು ಸಿಕ್ಕರು. ಹಿಂದಿನ ದಿನದ 'ಗೆಳೆಯಾ' ಎಂಬ ಕರೆ ಇನ್ನೂ ಅವರ ತುಟಿಯಂಚಿನಲ್ಲಿ ಕುಣಿಯುತ್ತಿತ್ತು. "ಏನ್ಸಾರ್, ಫೋನ್ ಏನಂತೆ?" ಎಂದು ನಾಲ್ಕು ಜನರೆದುರು ಕೆಣಕಿದರು. ಹೋದ ಮರ್ಯಾದೆಯನ್ನು ಮರಳಿ ತರುವ ಅವಕಾಶ ಇದಕ್ಕಿಂತ ಚೆನ್ನಾಗಿ ಸಿಗುವಂತಿರಲಿಲ್ಲ. ಮುದ್ರೆ ಸಾರ್ ಚಹಾದ ಲೋಟ ಕೆಳಗಿಟ್ಟು, ಆಕಾಶದ ಕಡೆ ನೋಡಿ, "ರೂಟ್ ಮಾಡೋದಾ ಬೇಡ್ವಾ ಅಂತ ಯೋಚಿಸ್ತಾ ಇದ್ದೀನಿ," ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಎಲ್ಲರೂ ಗಂಭೀರವಾದರು.

"ಮಾಡಿದ್ರೆ ಏನಾಗುತ್ತೆ ಸಾರ್?"

"ಸಂಪೂರ್ಣ ಅಧಿಕಾರ ನನ್ನ ಕೈಗೆ ಬರುತ್ತೆ. ಕಂಪನಿ ಕೂಡ ಏನೂ ಕೇಳೋ ಹಾಗಿಲ್ಲ. ಎಲ್ಲಾ ಬೀಗನೂ ತೆರ್ಕೊಳ್ಳುತ್ತೆ." ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಷ್ಟು ಕಣ್ಣುಗಳು ಒಟ್ಟಿಗೆ ಅರಳಿದ್ದನ್ನು ಅವರು ಬದುಕಿನಲ್ಲಿ ಮೊದಲ ಸಲ ನೋಡುತ್ತಿದ್ದರು. "ಒಳಗೆ ಕೆಲವು ಧ್ವನಿಗಳಿವೆ," ಎಂದೂ ಸೇರಿಸಿದರು. "ಬಹಳ ದಿನದಿಂದ ಕೂಡಿಟ್ಟಿದ್ದು. ಒಂದೂ ಹೋಗಬಾರ್ದು. ಅದಕ್ಕೇ ಯೋಚನೆ."

ಅಧ್ಯಕ್ಷರ ತುಟಿಯಂಚಿನ ಕುಣಿತ ನಿಂತುಹೋಯಿತು. "ಧ್ವನಿ ಅಂದ್ರೆ... ಯಾರ ಧ್ವನಿ ಸಾರ್?"

"ಅದು ಹೇಳೋ ಹಾಗಿಲ್ಲ," ಎಂದು ಮುದ್ರೆ ಸಾರ್ ಎದ್ದು ಹೋದರು.

ಅವರು ತಿರುವು ದಾಟುವಷ್ಟರಲ್ಲಿ ಸುದ್ದಿ ಅವರನ್ನು ಹಿಂದೆ ಹಾಕಿ ಮುಂದೆ ಹೋಗಿತ್ತು. ಮುದ್ರೆ ಸಾರ್ ಇಷ್ಟು ವರ್ಷವೂ ಪ್ರತಿ ಅಂಗಡಿಯ ಮಾತುಕತೆಯನ್ನು ಗುಟ್ಟಾಗಿ ಫೋನಿನಲ್ಲಿ ಹಿಡಿದಿಟ್ಟಿದ್ದಾರೆ. ಯಾರು ಯಾವಾಗ ಎಷ್ಟು ಕಡಿಮೆ ತೂಗಿದರು ಎಂಬುದಕ್ಕೆ ಅವರವರ ಬಾಯಿಂದಲೇ ಸಾಕ್ಷಿ ಇದೆ. ಉಗ್ರಾಣದ ಬಾಗಿಲು ಹಾಕಿಕೊಂಡು ದಿನಾ ಕಿವಿಗೊತ್ತಿ ಕೇಳುವುದು ಅದನ್ನೇ! ಕಸ ಗುಡಿಸುವವರು ಬಾಗಿಲ ಸಂದಿನಿಂದ ಒಂದು ಜೋರು ದನಿಯನ್ನು ತಾವೂ ಕೇಳಿದ್ದಾಗಿ ಹೇಳಿದರು. ಸಾಕ್ಷಿಗೆ ಸಾಕ್ಷಿಯೂ ಸಿಕ್ಕಿದಂತಾಯಿತು.

ಅಂದು ಸಂಜೆ ಮುದ್ರೆ ಸಾರ್ ಮನೆಗೆ ಹಣ್ಣು ಒಯ್ದರು. ಹೆಂಡತಿ ಚೀಲ ಕೈಗೆ ತೆಗೆದುಕೊಂಡವರೇ ಅನುಮಾನದಿಂದ ತೂಗಿ ನೋಡಿದರು. "ಏನ್ರೀ ಇದು? ಹಣ್ಣಿನಂಗಡಿಯವಳು ಜಾಸ್ತಿ ಕೊಟ್ಟಿದ್ದಾಳೆ. ಅವಳು ಹುಟ್ಟಿದಾಗಿಂದ ಜಾಸ್ತಿ ಕೊಟ್ಟೋಳಲ್ಲ. ಏನಂತ ಹೆದರಿಸಿ ಬಂದ್ರಿ?"

"ನಾನೇನೂ ಹೆದರಿಸಿಲ್ಲ."

"ಮತ್ತೆ ಆ ಫೋನಲ್ಲಿ ಏನಿಟ್ಕೊಂಡಿದ್ದೀರಿ? ನನ್ನ ತಮ್ಮನ ಮದುವೆ ಫೋಟೊ ಅಳಿಸೋವಾಗ ಕೈ ನಡುಗಲಿಲ್ಲ, ಈಗ ಅದನ್ನ ದೇವರ ಥರ ಎದೆಗೆ ಒತ್ಕೊಂಡು ಓಡಾಡ್ತೀರಿ."

"ಇಲಾಖೆ ವಿಷಯ," ಎಂದು ಮುದ್ರೆ ಸಾರ್ ಕಾಲು ತೊಳೆಯಲು ಓಡಿದರು.

ಮಾರುಕಟ್ಟೆಯಲ್ಲಿ ಎಂದೂ ನಡೆಯದ್ದು ನಡೆಯತೊಡಗಿತು. ಅಂಗಡಿಯವರು ಕರೆದು ಕರೆದು ತಕ್ಕಡಿ ತೋರಿಸಿದರು. "ಇನ್ನೊಂದ್ಸಲ ನೋಡಿ ಸಾರ್, ಸರಿ ಇದ್ರೂ ನೋಡಿ," ಎಂದು ದುಂಬಾಲು ಬಿದ್ದರು. ಗಿರಾಕಿಗಳ ಜೊತೆ ಮಾತಾಡುವಾಗ ಮುದ್ರೆ ಸಾರ್ ಇರುವ ದಿಕ್ಕಿಗೆ ತಿರುಗಿ, ಅವರ ಅಂಗಿಯ ಜೇಬಿಗೆ ಸ್ಪಷ್ಟವಾಗಿ ಕೇಳುವಂತೆ, "ಪೂರ್ತಿ ತೂಕ ಕೊಡ್ತಾ ಇದ್ದೀನಮ್ಮಾ, ಪೂರ್ತಿ ತೂಕ!" ಎಂದು ಕೂಗುತ್ತಿದ್ದರು. ಮುದ್ರೆ ಸಾರ್ ಇದನ್ನೆಲ್ಲ ತಮ್ಮ ಇಕ್ಕಳದ ಮಹಿಮೆ ಎಂದುಕೊಂಡು ಒಳಗೊಳಗೇ ವಿಸ್ಮಯಪಟ್ಟರು.

ಅಷ್ಟರಲ್ಲಿ ಮಾರುಕಟ್ಟೆ ಎರಡು ಹೋಳಾಗಿತ್ತು. ರೂಟ್ ಮಾಡಿದರೆ ಎಲ್ಲ ಬೀಗ ತೆರೆದುಕೊಳ್ಳುತ್ತದೆ ಎಂಬಷ್ಟನ್ನು ಕೇಳಿಸಿಕೊಂಡವರು, ಅದರೊಳಗಿನ ದನಿಗಳೆಲ್ಲ ಹೊರಗೆ ಬಂದು ಬೀದಿಯಲ್ಲಿ ಮಾತಾಡುತ್ತವೆಂದು ನಡುಗಿದರು. "ಬೇಡಿ ಸಾರ್, ಮಕ್ಕಳೊಂದಿಗರು ನಾವು," ಎಂದು ಕೈಮುಗಿದರು. ಮೊಬೈಲ್ ಅಂಗಡಿಗೆ ಹೋಗಿ ಪೂರ್ತಿ ವಿಚಾರಿಸಿಕೊಂಡು ಬಂದವರು ಅಧ್ಯಕ್ಷರೊಬ್ಬರೇ. ರೂಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ತಿಳಿದಾಗ ಅವರ ಮುಖದಲ್ಲಿ ಬೆಳಗಾಯಿತು. ನೆಟ್ಟಗೆ ಮುದ್ರೆ ಸಾರ್ ಮನೆಗೇ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಮಾಡಿಬಿಡಿ ಸಾರ್! ಇಷ್ಟು ಯೋಚನೆ ಯಾಕೆ? ನಿಮ್ಮಂಥವರು ಒಂದು ಕಂಪನಿಗೆ ಬಾಡಿಗೆದಾರರಾಗಿ ಇರೋದಾ? ನಂಗೆ ನಿದ್ದೆ ಬರ್ತಿಲ್ಲ."

"ಒಳಗಿರೋದು ಹೋದ್ರೆ?"

"ಹೋಗ್ಲಿ ಬಿಡಿ ಸಾರ್! ಹಳೇದು. ಎಲ್ಲಾ ಕ್ಷಮಿಸಿಬಿಡೋದು ದೊಡ್ಡ ಮನುಷ್ಯರ ಲಕ್ಷಣ."

ಕ್ಷಮಿಸುವುದೇನು ಬಂತು ಎಂದು ಮುದ್ರೆ ಸಾರ್ ಕಣ್ಣು ಕಣ್ಣು ಬಿಟ್ಟರು. ಆದರೆ ಒಬ್ಬ ಅಧ್ಯಕ್ಷ ತಮ್ಮ ಸಲುವಾಗಿ ನಿದ್ದೆಗೆಟ್ಟಿದ್ದಾನೆ ಎಂಬುದು ಅವರ ಮನಸ್ಸನ್ನು ತಟ್ಟಿತು. "ನಿಮ್ಮ ಪ್ರೀತಿ ದೊಡ್ಡದು," ಎಂದರು.

ಇತ್ತ ಇಲಾಖೆಯ ಮೇಲಧಿಕಾರಿ ಮೇಡಂ, ಮುದ್ರೆ ಸಾರ್ ಅವರನ್ನು ತಮ್ಮ ಕೋಣೆಗೆ ಕರೆಸಿದರು. ಮೇಡಂ ಎಂದರೆ ಯಾರನ್ನೂ ಕೂರಿಸಿ ಮಾತಾಡಿಸಿದವರಲ್ಲ. ಅಂದು ಕುರ್ಚಿ ತೋರಿಸಿದರು. "ಏನ್ರೀ ಮಾಡಿದ್ರಿ ಮಾರ್ಕೆಟ್ಟಿಗೆ? ನಾನೇ ಸೆರಗು ಹೊದ್ಕೊಂಡು ಗಿರಾಕಿ ಥರ ಹೋಗಿ ನೋಡಿದೆ. ಒಂದು ಅಂಗಡೀಲೂ ತೂಕ ಕಡಿಮೆ ಇಲ್ಲ. ನೋಟೀಸು, ದಂಡ, ಭಾಷಣ, ಏನು ಮಾಡಿದ್ರೂ ಆಗಿರ್ಲಿಲ್ಲ. ಹೇಗೆ ಮಾಡಿದ್ರಿ?"

"ನಂಗೂ ಗೊತ್ತಿಲ್ಲ ಮೇಡಂ."

"ಎಂಥ ವಿನಯ!" ಎಂದು ಮೇಡಂ ಮೂಗಿನ ಮೇಲೆ ಬೆರಳಿಟ್ಟರು. "ನಂಗೆಲ್ಲಾ ಗೊತ್ತಾಗಿದೆ. ಆ ಫೋನಲ್ಲಿ ಇರೋದು ಹೋಗಬಾರ್ದು. ಯಾವತ್ತು ರೂಟ್ ಮಾಡಿಸ್ತೀರಿ ಹೇಳಿ, ನಾನೇ ಬಂದು ಎದುರಿಗೆ ಕೂತ್ಕೋತೀನಿ."

ಇಷ್ಟಾದ ಮೇಲೂ ಮುದ್ರೆ ಸಾರ್ ಏನನ್ನೂ ನಿರ್ಧರಿಸಿರಲಿಲ್ಲ. ಹಗಲೆಲ್ಲ ತೂಗಿ ತೂಗಿ ನೋಡಿದರು. ರೂಟ್ ಮಾಡಿದರೆ ಬೀಗ ಒಡೆಯುವಾಗ ಅಕ್ಕನ ದನಿ ಹೋಗುತ್ತದೆ. ಮಾಡದಿದ್ದರೆ ಫೋನ್ ಒಂದು ದಿನ ಕಣ್ಣು ಮುಚ್ಚಿ ಅಕ್ಕನ ದನಿ ಹೋಗುತ್ತದೆ. ಲೋಕದ ತಕ್ಕಡಿಗಳನ್ನೆಲ್ಲ ಸರಿಮಾಡಿದ ಮನುಷ್ಯನಿಗೆ ಇದರಲ್ಲಿ ಯಾವ ತಟ್ಟೆ ಕೆಳಗೆ, ಯಾವುದು ಮೇಲೆ ಎಂದು ತಿಳಿಯಲಿಲ್ಲ. ಶನಿವಾರ ಫೋನ್ ಆಫ್ ಆದದ್ದು ಎಷ್ಟು ಒತ್ತಿದರೂ ಏಳದೆ, ಊಟದ ಹೊತ್ತಿಗೆ ತಾನಾಗಿ ಎದ್ದಿತು. ಅಷ್ಟು ಹೊತ್ತೂ ಅವರು ಉಗ್ರಾಣದ ನೆಲದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರಿಗೆ ಅಳು ಬಂದಿತ್ತು. ಎದ್ದವರೇ ಮೊಬೈಲ್ ಅಂಗಡಿಗೆ ಹೋಗಿ, "ನಾಳೆ ಭಾನುವಾರ. ಮನೆಗೆ ಬಾ. ಏನಾದ್ರೂ ಮಾಡು," ಎಂದರು.

ಭಾನುವಾರ ಬೆಳಗ್ಗೆ ಅವರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಬೈಲ್ ಅಂಗಡಿಯವನು ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಕೂತಿದ್ದ. ಅವನ ಬಲಕ್ಕೆ ಮೇಡಂ. ಎಡಕ್ಕೆ, ಕರೆಯದಿದ್ದರೂ ಬಂದ ಅಧ್ಯಕ್ಷರು. ಕಿಟಕಿಯ ಸರಳುಗಳಾಚೆ ಹಣ್ಣಿನಂಗಡಿಯವಳೂ ಸೇರಿದಂತೆ ಅರ್ಧ ಮಾರುಕಟ್ಟೆ. ಹೆಂಡತಿ ಚಹಾ ಹಂಚಿ ಹಂಚಿ ಸುಸ್ತಾಗಿ, ಕೊನೆಗೆ ಅಕ್ಕನಿಗೆ ಬರೆದು ಕಳಿಸಿಬಿಟ್ಟಿದ್ದರು: "ಮನೆಗೆ ಮೇಡಂ ಬಂದಿದ್ದಾರೆ. ನಿಮ್ಮ ತಮ್ಮ ಏನೋ ಮಾಡ್ಕೊಂಡಿದ್ದಾರೆ. ಬೇಗ ಬನ್ನಿ."

"ಶುರು ಮಾಡ್ಲಾ ಸಾರ್?" ಎಂದ ಮೊಬೈಲ್ ಅಂಗಡಿಯವನು. ಆಪರೇಷನ್ ಕೋಣೆಯ ಡಾಕ್ಟರ ದನಿ ಅವನಿಗೆ ಎಲ್ಲಿಂದಲೋ ಬಂದುಬಿಟ್ಟಿತ್ತು.

"ಮಾಡು ಮಾಡು!" ಎಂದರು ಅಧ್ಯಕ್ಷರು.

"ಕೈ ತೆಗಿ!" ಎಂದರು ಮೇಡಂ.

ಮುದ್ರೆ ಸಾರ್ ಇಬ್ಬರನ್ನೂ ನೋಡಿದರು, ಫೋನನ್ನು ನೋಡಿದರು.

"ಬೀಗ ಒಡೆಯೋ ಮುಂಚೆ ಒಂದ್ಸಲ ನೋಡ್ತೀನಿ, ಇಷ್ಟು ಜಾಗ ತಿಂದಿರೋದು ಏನು ಅಂತ," ಎಂದು ಅಂಗಡಿಯವನು ಅಲ್ಲಿ ಇಲ್ಲಿ ಬೆರಳಾಡಿಸಿದ. "ಬೇಡ, ಅದು..." ಎಂದು ಮುದ್ರೆ ಸಾರ್ ಕೈ ಚಾಚುವಷ್ಟರಲ್ಲಿ ಬೆರಳು ತಗಲಬಾರದ ಕಡೆ ತಗಲಿತು. ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಸ್ಪೀಕರಿಗೂ ಫೋನಿಗೂ ಅದು ಯಾವಾಗ ನಂಟು ಬೆಳೆದಿತ್ತೋ, ಇಡೀ ಬೀದಿಗೆ ಕೇಳುವಂತೆ ಒಂದು ಹೆಣ್ಣು ದನಿ ಗುಡುಗಿತು:

"ನಂಗೇನೂ ಗೊತ್ತಿಲ್ಲ ಅನ್ಕೊಂಡಿದ್ದೀಯಾ? ಹಿಂದಿನ ಕೋಣೇಲಿ, ಮೂಲೇಲಿ, ಚೀಲದ ಅಡಿಗೆ ಬಚ್ಚಿಟ್ಟಿದ್ದೀಯಲ್ಲಾ, ಎಲ್ಲಾ ಗೊತ್ತು ನಂಗೆ! ಈಗಿಂದೀಗ್ಲೇ ತೆಗೆದು ಹೊರಗೆ ಹಾಕು! ಇಲ್ದಿದ್ರೆ ನಾನೇ ಬಂದು ಹಾಕ್ತೀನಿ!"

ಅಧ್ಯಕ್ಷರ ಕೈಯಲ್ಲಿದ್ದ ಚಹಾದ ಲೋಟ ನೆಲಕ್ಕೆ ಬಿತ್ತು.

"ಹಾಕ್ತೀನಿ ತಾಯೀ, ಹಾಕಿಬಿಡ್ತೀನಿ!" ಎಂದು ಅವರು ಸ್ಪೀಕರಿಗೆ ಕೈಮುಗಿದರು. "ಅದು ಹಳೇ ಕಲ್ಲು ಮೇಡಂ, ಮುದ್ರೆ ಇಲ್ಲದ್ದು. ಚೀಲದ ಅಡಿಗೇ ಇದೆ, ಸುಳ್ಳು ಹೇಳಲ್ಲ. ಬಳಸೋದು ಬಿಟ್ಟು ಬಹಳ ದಿನ ಆಯ್ತು. ಈ ಚಹಾದಂಗಡಿ ಮಾತು ಆದಾಗಿಂದ ಮುಟ್ಟಿಲ್ಲ!"

ಕಿಟಕಿಯಾಚೆಯಿಂದ ಹಣ್ಣಿನಂಗಡಿಯವಳ ದನಿ ಬಂತು: "ನಂದೂ ಒಂದಿದೆ ಸಾರ್. ತಂದು ಕೊಟ್ಬಿಡ್ತೀನಿ."

ಮೇಡಂ ಎದ್ದು ನಿಂತಿದ್ದರು. ತಾವು ಯಾಕೆ ಎದ್ದೆವೆಂದು ಅವರಿಗೂ ತಿಳಿದಿರಲಿಲ್ಲ. ಆ ದನಿ ಕೇಳಿದ ಯಾರಿಗೇ ಆದರೂ ಕೂತಿರಲು ಸಾಧ್ಯವಿರಲಿಲ್ಲ. "ಯಾರ್ರೀ ಇವರು?" ಎಂದರು, ದನಿ ತಗ್ಗಿಸಿ. "ಯಾವ ಡಿಪಾರ್ಟ್‌ಮೆಂಟು?"

ಮುದ್ರೆ ಸಾರ್ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಅಕ್ಕ ನಿಂತಿದ್ದರು.

ಅಕ್ಕ ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿದ್ದ ಚೀಲವನ್ನು ಹಾಗೇ ಹೊಸ್ತಿಲ ಮೇಲಿಟ್ಟು ಒಳಗೆ ಬಂದರು. ಜನ ತಾವಾಗಿಯೇ ದಾರಿ ಬಿಟ್ಟರು. ಸ್ಪೀಕರ್ ಎದುರಿನ ಕುರ್ಚಿಯಲ್ಲಿ ಕೂತು, ಮೊಬೈಲ್ ಅಂಗಡಿಯವನಿಗೆ ಬೆರಳು ತಿರುಗಿಸಿ ಸನ್ನೆ ಮಾಡಿದರು: ಇನ್ನೊಂದು ಸಲ.

ದನಿ ಮತ್ತೆ ಗುಡುಗಿತು. ಅಧ್ಯಕ್ಷರು ಮತ್ತೆ ಕೈಮುಗಿದರು. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಅವರ ಗಂಟಲಿನ ಮೇಲಿನ ಹೊಲಿಗೆಯ ಗುರುತು ಆ ಮಾತುಗಳ ಜೊತೆಗೇ ಏರಿ ಇಳಿಯುತ್ತಿತ್ತು. ಮುಗಿದ ಮೇಲೆ ಮತ್ತೆ ಬೆರಳು ತಿರುಗಿಸಿದರು. ಒಬ್ಬ ಹೆಂಗಸು ತನ್ನ ದನಿಯನ್ನು ತಾನೇ ಹೀಗೆ ಕೇಳಿಸಿಕೊಳ್ಳುವುದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ, ಮತ್ತು ಯಾಕೋ ಎಲ್ಲರಿಗೂ ತಲೆಬಾಗಬೇಕು ಅನ್ನಿಸಿತು.

ಮುದ್ರೆ ಸಾರ್ ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದರು. "ಹೇಳಬೇಕು ಅಂತ ಇದ್ದೆ ಅಕ್ಕ," ಎಂದರು. "ನಿನಗೆ ಬೇಜಾರಾಗುತ್ತೆ ಅಂತ... ದಿನಾ ಒಂದು ಕೇಳ್ತೀನಿ. ಕೇಳದೇ ಇದ್ರೆ ಕೆಲಸಕ್ಕೆ ಹೋಗೋಕಾಗಲ್ಲ. ಫೋನ್ ಸಾಯ್ತಾ ಇದೆ. ಏನು ಮಾಡ್ಲಿ ಗೊತ್ತಾಗ್ಲಿಲ್ಲ."

ಅಕ್ಕ ತಮ್ಮ ಫೋನ್ ತೆಗೆದು ಬರೆಯತೊಡಗಿದರು. ತಮ್ಮನ ಫೋನಿಗೆ ಏನೂ ಬಂದು ಸೇರುವ ಸ್ಥಿತಿ ಇರಲಿಲ್ಲವಾದ್ದರಿಂದ ಆ ಬರಹ ಹೆಂಡತಿಯ ಫೋನಿಗೆ ಬಂತು. ಹೆಂಡತಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ನನ್ನ ದನಿ ಇಷ್ಟು ಜೋರಿತ್ತಾ' ಅಂತ ಕೇಳ್ತಿದ್ದಾರೆ."

"ಇತ್ತು ಅಕ್ಕ," ಎಂದರು ಮುದ್ರೆ ಸಾರ್.

ಮತ್ತೆ ಬರೆದರು, ಹೆಂಡತಿ ಮತ್ತೆ ಓದಿದರು. "'ಎಲ್ಲಾ ಇದೆಯಾ?'"

"ಒಂದೂ ಅಳಿಸಿಲ್ಲ ಅಕ್ಕ. ಎಲ್ಲಾ ಇದೆ."

ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣು ತುಂಬಿತ್ತು, ಹುಬ್ಬು ಮಾತ್ರ ಹಳೆಯ ಹಾಗೆ ಮೇಲೇರಿತ್ತು. ಫೋನಿನ ಮೇಲೆ ಬೆರಳು ಟಕಟಕನೆ ಓಡಿತು. ಹೆಂಡತಿ ಓದಿದರು: "'ಹಾಗಾದ್ರೆ ಇನ್ನೂ ಏನು ಮುಖ ನೋಡ್ತಿದ್ದೀಯ ಮುಟ್ಠಾಳ? ಎಲ್ಲಾ ವಾಪಸ್ ನನಗೆ ಕಳಿಸು.'"

ಮೊಬೈಲ್ ಅಂಗಡಿಯವನು ಹಣೆಗೆ ರಪ್ಪನೆ ಬಡಿದುಕೊಂಡ.

"ಬರೀ ವಾಯ್ಸ್ ಮೆಸೇಜಾ ಸಾರ್? ಅಷ್ಟೇನಾ? ಫಾರ್ವರ್ಡ್ ಮಾಡಿದ್ರೆ ಆಯ್ತಲ್ಲ! ಅದಕ್ಕೆ ಜಾಗನೂ ಬೇಡ, ರೂಟೂ ಬೇಡ, ನಾನೂ ಬೇಡ. ಅವತ್ತೇ ಕೇಳಿದ್ನಲ್ಲ ಸಾರ್, ಒಳಗೇನಿದೆ ಅಂತ!"

"ಅದು ಹೇಳೋ ಹಾಗಿರ್ಲಿಲ್ಲ," ಎಂದರು ಮುದ್ರೆ ಸಾರ್, ಕ್ಷೀಣವಾಗಿ.

ಹೆಂಡತಿ ಇನ್ನೊಂದು ಸುತ್ತು ಚಹಾ ಕಾಯಿಸಿ ತರುವುದರೊಳಗೆ ಬೈಗುಳಗಳೆಲ್ಲ ಒಂದರ ಹಿಂದೊಂದು ಹೊರಟು ಅಕ್ಕನ ಫೋನಿಗೆ ಹೋಗಿ ಸೇರಿದವು. ಪ್ರತಿಯೊಂದು ಸೇರಿದಾಗಲೂ ಅಕ್ಕನ ಕೈಯಲ್ಲಿ ಫೋನು ಟಿಣ್ ಎನ್ನುತ್ತಿತ್ತು, ಅಕ್ಕ ತಲೆಯಾಡಿಸುತ್ತಿದ್ದರು. ಹಿಂದಿನ ಕೋಣೆಯ ಚೀಲದ ಅಡಿಗೆ ಮುದ್ರೆ ಸಾರ್ ಬಚ್ಚಿಟ್ಟಿದ್ದದ್ದು ಸಕ್ಕರೆ ಮಿಠಾಯಿ, ಡಾಕ್ಟರು ಬೇಡವೆಂದಿದ್ದದ್ದು ಎಂದು ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಅಧ್ಯಕ್ಷರು ತಮ್ಮ ಹಳೆಯ ಕಲ್ಲುಗಳನ್ನು ತಾವೇ ಹೊತ್ತು ತಂದು ಮೇಡಂ ಕಾಲ ಬುಡದಲ್ಲಿ ಇಟ್ಟಾಗಿತ್ತು. ಹೋಗುವಾಗ ಮೇಡಂ ಅಕ್ಕನ ಕೈ ಹಿಡಿದು, "ನಿಮ್ಮಂಥವರು ನಮ್ಮ ಇಲಾಖೇಲಿ ಇರಬೇಕಿತ್ತು," ಎಂದರು. ಅವರು ನಿಜವಾಗಿಯೂ ಹಾಗೆಂದೇ ನಂಬಿದ್ದರು.

ಫೋನು ರೂಟ್ ಆಗಲಿಲ್ಲ. ಕಂಪನಿಯ ಮುದ್ರೆ ಹಾಗೇ ಉಳಿಯಿತು. ಬೈಗುಳಗಳಿಗೆ ಬೇರೆ ಮನೆ ಸಿಕ್ಕಿ, ಇಲ್ಲಿದ್ದವನ್ನು ಅಳಿಸಿದ ಮೇಲೆ ಒಳಗೆ ಒಂದಿಷ್ಟು ಗಾಳಿಯಾಡಿ, ಫೋನು ಮತ್ತೆ ಉಸಿರಾಡತೊಡಗಿತು. ಮಾರುಕಟ್ಟೆಯ ಜನರಿಗೆ ಸತ್ಯವೆಲ್ಲ ತಿಳಿಯಿತಾದರೂ ಅವರು ನಂಬಲಿಲ್ಲ. ಅಂಥ ದನಿ ಬರೀ ಅಕ್ಕನದು ಎನ್ನುವುದು ಇಲಾಖೆಯವರು ಕಟ್ಟಿದ ಕಥೆ ಎಂದು ಇವತ್ತಿಗೂ ಅವರ ವಾದ.

ಆ ವಾರದಲ್ಲೇ ಒಂದು ಮಧ್ಯಾಹ್ನ, ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ಉರಿಬಿಸಿಲಿನಲ್ಲಿ, ಮುದ್ರೆ ಸಾರ್ ಹಣ್ಣಿನಂಗಡಿಯ ಮುಂದೆ ತಕ್ಕಡಿಗೆ ತಂತಿ ಪೋಣಿಸುತ್ತಿದ್ದರು. ಫೋನು ಟಿಣ್ ಎಂದಿತು. ಅಕ್ಕ ಕಳಿಸಿದ್ದರು. ಅಕ್ಷರವಲ್ಲ, ದನಿ. ಬಿಸಿಲಿನಲ್ಲಿ ಓಡಾಡಬೇಡ ಎಂದು ಅಕ್ಕ ಹಿಂದೆ ಎಂದೂ ಬೈದಿರಲಿಲ್ಲ. ಹುಡುಕಿ ಹುಡುಕಿ, ಇದ್ದದ್ದರಲ್ಲೇ ಹತ್ತಿರದ್ದೊಂದನ್ನು ಆರಿಸಿದ್ದರು. ಮುದ್ರೆ ಸಾರ್ ಒತ್ತಿದರು.

"ಲೋ! ಎಂಥಾ ಮಳೆ ಬರೋ ಹಾಗಿದೆ, ಛತ್ರಿ ಇಲ್ದೆ ಹೋಗಿದ್ದೀಯಲ್ಲೋ! ಯಾರ ಹತ್ರನಾದ್ರೂ ಇಸ್ಕೊಂಡು ನೆಟ್ಟಗೆ ಮನೆಗೆ ಹೋಗು! ಹೇಳೋದು ಕೇಳಿಸ್ತಾ?"

"ಕೇಳಿಸ್ತು ಅಕ್ಕ," ಎಂದರು ಮುದ್ರೆ ಸಾರ್. ಇಷ್ಟು ದಿನ ಉಗ್ರಾಣದಲ್ಲಿ ಕದ್ದು ಕೇಳಿದ್ದೆಲ್ಲ ಹಳೆಯ ಬೈಗುಳ. ಇದು ಇವತ್ತಿನದು, ಈಗ ಬೈದದ್ದು. ಅವರಿಗಾದ ಸಂತೋಷ ಹೇಳತೀರದು. ಹಣ್ಣಿನಂಗಡಿಯವಳ ಛತ್ರಿ ಇಸಿದುಕೊಂಡು, ಬಿಚ್ಚಿ ತಲೆಯ ಮೇಲೆ ಹಿಡಿದು, ಕೆಸರು ದಾಟುವವರ ಹಾಗೆ ಎಚ್ಚರದಿಂದ ಮನೆಯ ಕಡೆ ನಡೆದರು.

ಹಣ್ಣಿನಂಗಡಿಯವಳು ಬೆಂಕಿಯಂಥ ಆಕಾಶವನ್ನೊಮ್ಮೆ ನೋಡಿದಳು, ಹೋಗುತ್ತಿದ್ದ ಮುದ್ರೆ ಸಾರ್ ಅವರನ್ನೊಮ್ಮೆ ನೋಡಿದಳು, ಹಣ್ಣಿನ ಬುಟ್ಟಿಗಳನ್ನು ಒಳಗೆ ಎಳೆದುಕೊಂಡಳು. ಪಕ್ಕದವನು ಟಾರ್ಪಾಲು ಬಿಚ್ಚಿದ. ಮಂಡಿಯಲ್ಲಿ ಅಧ್ಯಕ್ಷರು, "ಮೂಟೆ ಒಳಗೆ ಹಾಕ್ರೋ, ಬೇಗ!" ಎಂದು ಕೂಗಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಛತ್ರಿಗಳು ಬಿಚ್ಚಿಕೊಂಡವು, ಮತ್ತು ಅವುಗಳೆಲ್ಲದರ ನಡುವೆ ಮುದ್ರೆ ಸಾರ್ ಒಂದು ಹನಿಯೂ ನೆನೆಯದೆ ಮನೆ ಸೇರಿದರು.